ನಾಯಿ ಕೂತ ಜಾಗ

ಫೆಬ್ರವರಿ ಹನ್ನೊಂದು, ಭಾನುವಾರ ಬೆಳಿಗ್ಗೆ. ಟ್ಯಾಮರ್ಯಾಕ್ ಹಾರ್ಬರಿನ ಶೆರಿಫ್ ಠಾಣೆಯಲ್ಲಿ ಕಾಫಿ ಇನ್ನೂ ಇಳಿಯುತ್ತಿತ್ತು, ಅಷ್ಟರಲ್ಲಿ ಫೋನು ಬಂತು. ಸರೋವರದ ದಂಡೆಯ ರಸ್ತೆಯಿಂದ ಲೆಂಪಿ ಹಾರ್ಯು ಎಂಬ ಮುದುಕಿ. ತಮ್ಮನ ಸೌನಾ ಹೊತ್ತಿ ಉರಿಯುತ್ತಿದೆ, ತಮ್ಮನ ಎರಡೂ ಕೈ ಸುಟ್ಟಿದೆ, ಬೇಗ ಬನ್ನಿ ಎಂದಷ್ಟೇ ಹೇಳಿ ಫೋನಿಟ್ಟಳು.

ಡಿಟೆಕ್ಟಿವ್ ಸಾರ್ಜೆಂಟ್ ಡೇಲ್ ರಾಂಟಲಾ ಕಾಫಿಯ ಆಸೆ ಬಿಟ್ಟು, ಡೆಪ್ಯುಟಿ ಟೆಸ್ ಲರೋಸ್‌ಳನ್ನು ಕರೆದುಕೊಂಡು ಹೊರಟ. ಮಿಶಿಗನ್ನಿನ ಆ ಉತ್ತರದ ತುದಿಯಲ್ಲಿ, ಫಿನ್ಲೆಂಡಿನಿಂದ ಬಂದು ನೆಲೆಸಿದವರ ಊರುಗಳಲ್ಲಿ, ಮನೆಗೆ ಬಾಗಿಲಿಲ್ಲದಿದ್ದರೂ ನಡೆದೀತು, ಸೌನಾ ಇಲ್ಲದಿದ್ದರೆ ನಡೆಯದು. ಒಲೆಯ ಮೇಲೆ ಕಲ್ಲು ಕಾಯಿಸಿ, ನೀರು ಹುಯ್ದು, ಹಬೆಯಲ್ಲಿ ಕೂತು ಬೆವರುವ ಪುಟ್ಟ ಮರದ ಮನೆ. ಶನಿವಾರ ಸಂಜೆ ಅಲ್ಲಿ ಕೂತ ವೈರಿಗಳೂ ಜಗಳ ಆಡುವುದಿಲ್ಲ. ಅಂಥದ್ದಕ್ಕೆ ಯಾರಾದರೂ ಬೆಂಕಿ ಇಟ್ಟರೆಂದರೆ ರಾಂಟಲಾನ ಮಟ್ಟಿಗೆ ಅದು ಚರ್ಚಿಗೆ ಬೆಂಕಿ ಇಟ್ಟಂತೆಯೇ.

ಇವರು ಹೋಗುವಷ್ಟರಲ್ಲಿ ಚಾವಣಿ ಕುಸಿದಿತ್ತು. ಅಗ್ನಿಶಾಮಕದವರು ಹುಯ್ದ ನೀರು ಹುಯ್ದಲ್ಲೇ ಹೆಪ್ಪುಗಟ್ಟುತ್ತಿತ್ತು. ಆಂಬುಲೆನ್ಸಿನಲ್ಲಿ ಆರ್ವೋ ಹಾರ್ಯು ಕೂತಿದ್ದ, ಎರಡೂ ಕೈಗೆ ಬಟ್ಟೆ ಸುತ್ತಿದ್ದರು. ಒಳಗೆ ಯಾರಾದರೂ ಇದ್ದಾರೇನೋ ಎಂದು ಉರಿಯುವ ಬಾಗಿಲನ್ನು ಕೈಯಲ್ಲೇ ಎಳೆದಿದ್ದ. ಪಕ್ಕದಲ್ಲಿ ಅಕ್ಕ ಲೆಂಪಿ ಅವನ ಟೋಪಿ ಹಿಡಿದು ನಿಂತಿದ್ದಳು.

"ಯಾರ ಮೇಲಾದ್ರೂ ಅನುಮಾನ ಇದೆಯಾ ಆರ್ವೋ?"

"ಅನುಮಾನ ಏನ್ ಬಂತೋ? ಆ ವೆಂಡೆಲ್ ಒಯಾಲಾನೇ. ಮೊನ್ನೆ ಅಂಗಡೀಲಿ ಎಲ್ಲರ ಎದುರು ಅಂದಿದಾನೆ, ನಿನ್ನ ಸೌನಾಗೆ ಬೆಂಕಿ ಬೀಳ ಅಂತ."

ಅಂದದ್ದು ನಿಜ. ಆರ್ವೋ ಒಂದೆರಡು ವರ್ಷದಿಂದ ಸೌನಾವನ್ನು ಮಿಲ್ವಾಕಿ, ಶಿಕಾಗೋ ಕಡೆಯಿಂದ ಬರುವ, ಹಿಮದ ಮೇಲೆ ಓಡುವ ಮೋಟಾರು ಬಂಡಿಗಳ ಸವಾರರಿಗೆ ಬಾಡಿಗೆಗೆ ಬಿಡುತ್ತಿದ್ದ. ಅವರ ಬಂಡಿಗಳು ನೆರೆಯ ವೆಂಡೆಲ್‌ನ ಬೇಲಿ ಮುರಿದು, ಅವನು ನೆಟ್ಟ ಸಸಿಗಳ ಮೇಲೆ ಓಡಾಡಿದ್ದವು. ವೆಂಡೆಲ್ ಮರದ ದಿಮ್ಮಿ ಸಾಗಿಸುವ ಲಾರಿಯ ಚಾಲಕ. ಅವನ ಬಾಯಿಗೂ ಲಾರಿಗೂ ಬ್ರೇಕು ಅಷ್ಟಕ್ಕಷ್ಟೇ ಎಂದು ಊರಲ್ಲಿ ಮಾತಿತ್ತು. ಹಿಂದಿನ ಸಂಜೆಯ ಸವಾರರು ಅಂದೇ ಪಕ್ಕದ ಊರಿನ ಮೋಟೆಲಿಗೆ ಹೋಗಿದ್ದರು. ಟೆಸ್ ವಿಚಾರಿಸಿ ಅದನ್ನು ಖಚಿತಪಡಿಸಿಕೊಂಡಳು.

ವೆಂಡೆಲ್ ಮನೆಯ ಅಂಗಳದಲ್ಲೇ ಸಿಕ್ಕ.

"ಬೆಳಿಗ್ಗೆ ಎಲ್ಲಿದ್ದೆ?"

"ಸರೋವರದ ಐಸಿನ ಮೇಲೆ. ಮೀನಿಗೆ."

"ಜೊತೇಲಿ ಯಾರು?"

"ಮೀನು."

"ತಮಾಷೆ ಬೇಡ ವೆಂಡೆಲ್."

"ತಮಾಷೆ ಎಲ್ಲಿ ಬಂತು? ಮೀನೂ ಬರಲಿಲ್ಲ."

ಅವನ ಪಿಕಪ್ಪಿನ ಹಿಂಭಾಗದಲ್ಲಿ ಅರ್ಧ ತುಂಬಿದ ಸೀಮೆಎಣ್ಣೆ ಡಬ್ಬಿ ಇತ್ತು. ಐಸಿನ ಮೇಲಿನ ಗುಡಿಸಲಿನ ಹೀಟರಿಗೆ ಅಂದ. ಇರಬಹುದು. ಆ ಊರಿನ ಅರ್ಧ ಗಂಡಸರ ಗಾಡಿಯಲ್ಲಿ ಅಂಥ ಡಬ್ಬಿ ಇರುತ್ತದೆ. ಆದರೆ ಮನಸ್ಸು ಒಂದು ಕಡೆ ವಾಲಿದ ಮೇಲೆ ಕಣ್ಣೂ ಅತ್ತಲೇ ವಾಲುತ್ತದೆ.

ಮಧ್ಯಾಹ್ನ ಮಿಲ್ಟನ್ ಗ್ರೇಬಿಲ್ ಬಂದ. ಬೆಂಕಿ ಅನಾಹುತಗಳ ತಜ್ಞ, ಇಪ್ಪತ್ತು ವರ್ಷದ ಅನುಭವ, ಜೊತೆಗೆ ಜುನಿಪರ್ ಎಂಬ ಕರಿಯ ಲ್ಯಾಬ್ರಡಾರ್. ಸೀಮೆಎಣ್ಣೆ, ಪೆಟ್ರೋಲು ಎಲ್ಲಿ ಸುರಿದಿದ್ದರೂ ಮೂಸಿ ಹಿಡಿದು, ಅಲ್ಲೇ ಕೂತು ತೋರಿಸುತ್ತದೆ ಎಂದು ಹೆಸರಾದ ನಾಯಿ. ಸುಟ್ಟ ನೆಲದ ಮೇಲೆ ಅದು ಮೂಸುತ್ತ ನಡೆದು, ಒಂದು ಕಡೆ ಕೂತಿತು. ಎದ್ದು ಮತ್ತೊಂದು ಕಡೆ ಕೂತಿತು. ಹೀಗೆ ನಾಲ್ಕು ಕಡೆ. ಪ್ರತಿ ಸಲವೂ ಗ್ರೇಬಿಲ್ ಹೆಮ್ಮೆಯಿಂದ ಅದರ ತಲೆ ಸವರಿದ. ಟೆಸ್ ಆ ಜಾಗಗಳ ಮಸಿಯನ್ನು ಡಬ್ಬಿಗಳಿಗೆ ತುಂಬಿ ಮೊಹರು ಹಾಕಿದಳು. ರಾಂಟಲಾ ಸ್ಥಳ ಮಹಜರು ಬರೆದ. ಉಳಿದದ್ದೆಲ್ಲ ಐಸಿನಲ್ಲಿ ಹುದುಗಿತ್ತು. ನಾಯಿಯೇ ಕೂತು ತೋರಿಸಿದ ಮೇಲೆ ಆ ಚಳಿಯಲ್ಲಿ ಐಸು ಒಡೆಯುವುದು ಯಾರಿಗೆ ಬೇಕಿತ್ತು? ಮೇಲೊಂದು ಟಾರ್ಪಾಲು ಹೊದಿಸಿ, ಸೀಲು ಹಾಕಿ, ಸಂಜೆಯ ಹೊತ್ತಿಗೆ ವೆಂಡೆಲ್‌ನನ್ನು ಬಂಧಿಸಿದರು. ಬೆಂಕಿ ಇಟ್ಟು ಒಬ್ಬನಿಗೆ ಗಾಯ ಮಾಡಿದ ಆರೋಪ. ಸಾಬೀತಾದರೆ ಜೀವಾವಧಿಯವರೆಗೂ ಜೈಲು.

ಮಾರ್ಚಿನಲ್ಲಿ ಪ್ರಯೋಗಾಲಯದ ವರದಿ ಬಂತು. ನಾಲ್ಕು ಡಬ್ಬಿಯಲ್ಲೂ ಸೀಮೆಎಣ್ಣೆ ಇಲ್ಲ.

"ಇಲ್ದಿದ್ರೆ ಇಲ್ಲ ಬಿಡು, ನಾಯಿ ಇದೆಯಲ್ಲ" ಎಂದರು ಸರ್ಕಾರಿ ವಕೀಲರು. ರಾಂಟಲಾನೂ ಹಾಗೇ ಅಂದುಕೊಂಡ.

*

ಏಪ್ರಿಲ್ ಹದಿನೇಳರಂದು ಕೌಂಟಿ ನ್ಯಾಯಾಲಯದಲ್ಲಿ ವಿಚಾರಣೆ. ಜ್ಯೂರಿಯ ಮುಂದಲ್ಲ, ಅದಕ್ಕೂ ಮೊದಲಿನದು. ತಜ್ಞ ಎಂದು ಹೇಳಿಕೊಂಡು ಬಂದವರನ್ನೆಲ್ಲ ಜ್ಯೂರಿಯ ಮುಂದೆ ಬಿಡುವಂತಿಲ್ಲ. ಅವರ ವಿದ್ಯೆ ನಂಬತಕ್ಕದ್ದೋ ಅಲ್ಲವೋ ಎಂದು ನ್ಯಾಯಾಧೀಶರು ಮೊದಲು ಒರೆಹಚ್ಚಿ ನೋಡಬೇಕು. ವೆಂಡೆಲ್‌ನ ಪರ ವಕೀಲೆ ಡೆಟ್ರಾಯಿಟಿನವಳು. ನಾಯಿಯ ಸಾಕ್ಷ್ಯ ಬೇಡವೆಂದು ಅರ್ಜಿ ಹಾಕಿದ್ದಳು.

ನ್ಯಾಯಾಧೀಶೆ ಲೆನೋರ್ ಟ್ರೆವಾರೋ ಅದೇ ಊರಿನ ಹೆಂಗಸು. ಅಜ್ಜನ ಕಾಲದಲ್ಲಿ ತಾಮ್ರದ ಗಣಿಗೆಂದು ಇಂಗ್ಲೆಂಡಿನಿಂದ ಬಂದ ಕಾರ್ನ್‌ವಾಲಿನ ಮನೆತನ. ಗಿಡ್ಡ ಆಳು. ಪೀಠದ ಮೇಲೆ ಕೂತರೆ ತಲೆ ಮಾತ್ರ ಕಾಣುತ್ತದೆ ಎಂದು ವಕೀಲರು ನಗಾಡುತ್ತಿದ್ದರು, ಅವರ ಎದುರಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಕೈಯಲ್ಲಿ ಯಾವಾಗಲೂ ಒಂದು ಮೋಟು ಪೆನ್ಸಿಲು.

ಆ ದಿನ ಕೋರ್ಟು ತುಂಬಿತ್ತು. ಊರಿಗೆ ಬೇರೆ ಮನರಂಜನೆ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಲೆಂಪಿ ಹೆಣಿಗೆ ಹಿಡಿದು ಕೂತಿದ್ದಳು. ವೆಂಡೆಲ್ ಎರಡು ತಿಂಗಳಲ್ಲಿ ಅರ್ಧ ಇಳಿದಿದ್ದ. ಬಾಯಿ ಪೂರ್ತಿ ನಿಂತಿತ್ತು.

ಗ್ರೇಬಿಲ್ ಪ್ರಮಾಣ ಮಾಡಿ ತನ್ನ ಅನುಭವ, ಪದಕಗಳು, ನಾಯಿಯ ತರಬೇತಿ ಎಲ್ಲವನ್ನೂ ಹೇಳಿದ. ನಾಯಿ ನಾಲ್ಕು ಕಡೆ ಕೂತಿದ್ದರಿಂದ ನಾಲ್ಕು ಕಡೆ ಸೀಮೆಎಣ್ಣೆ ಸುರಿದದ್ದು ನೂರಕ್ಕೆ ನೂರು ನಿಜ ಎಂದ. ಎರಡೂ ಕಡೆಯ ವಕೀಲರು ಕೇಳುವುದು ಮುಗಿದ ಮೇಲೆ ನ್ಯಾಯಾಧೀಶೆ ಪೆನ್ಸಿಲು ಕೆಳಗಿಟ್ಟರು.

"ಮಿಸ್ಟರ್ ಗ್ರೇಬಿಲ್, ಜುನಿಪರ್ ಎಷ್ಟು ಸಲ ತಪ್ಪಿದೆ?"

"ಒಂದು ಸಲಾನೂ ಇಲ್ಲ, ಯುವರ್ ಆನರ್."

"ಪ್ರಯೋಗಾಲಯದವರು ಈ ಡಬ್ಬಿಗಳಲ್ಲಿ ಏನೂ ಇಲ್ಲ ಅಂದಿದ್ದಾರಲ್ಲ?"

"ನಾಯಿ ಮೂಗು ಯಂತ್ರಕ್ಕಿಂತ ಸೂಕ್ಷ್ಮ. ಯಂತ್ರಕ್ಕೆ ಸಿಗದೇ ಇರೋದು ಅದಕ್ಕೆ ಸಿಗುತ್ತೆ."

"ಪ್ರಯೋಗಾಲಯ ಇದೆ ಅಂದಿದ್ರೆ?"

"ನಾಯಿ ಸರಿ ಅಂತ ಆಯ್ತಲ್ಲ."

"ಅಂದ್ರೆ ಯಂತ್ರ ಹೌದು ಅಂದ್ರೂ ನಾಯಿ ಸರಿ, ಇಲ್ಲ ಅಂದ್ರೂ ನಾಯಿ ಸರಿ. ಹಾಗಾದ್ರೆ ನಾಯಿ ತಪ್ಪಿದ್ರೆ ಅದು ತಪ್ಪಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು?"

ಗ್ರೇಬಿಲ್ ಬಾಯಿ ತೆರೆದ. ಸರ್ಕಾರಿ ವಕೀಲರ ಕಡೆ ನೋಡಿದ.

"ನಿಧಾನವಾಗಿ ಯೋಚಿಸಿ ಹೇಳಿ. ಆತುರ ಇಲ್ಲ. ತರಬೇತೀಲಿ ಸೀಮೆಎಣ್ಣೆ ಬಚ್ಚಿಡೋರು ಯಾರು?"

"ನಾನೇ ಇಡ್ತೀನಿ."

"ನಾಯೀನ ಹಗ್ಗ ಹಿಡಿದು ಕರ್ಕೊಂಡು ಹೋಗೋರು?"

"ಅದೂ ನಾನೇ."

ಕೋರ್ಟಿನಲ್ಲಿ ಕಿಸಕ್ಕನೆ ನಗು ಎದ್ದಿತು. ನ್ಯಾಯಾಧೀಶೆ ತಲೆ ಎತ್ತಿದರು.

"ನಗೋ ಅಂಥದ್ದು ಏನಿದೆ ಇಲ್ಲಿ? ಇವರು ಪ್ರಮಾಣ ಮಾಡಿ, ಕೇಳಿದ್ದಕ್ಕೆ ನಿಜ ಹೇಳ್ತಾ ಇದ್ದಾರೆ. ನಗೋರು ಹೊರಗೆ ಹೋಗಿ ನಗಿ."

ನಗು ಅಲ್ಲೇ ಸತ್ತಿತು. ರಾಂಟಲಾಗೆ ಮೈಯೆಲ್ಲ ಉರಿದಿತ್ತು. ಎರಡು ತಿಂಗಳ ದುಡಿಮೆಯನ್ನು ಈ ಹೆಂಗಸು ಒಂದು ಮೋಟು ಪೆನ್ಸಿಲಿನಲ್ಲಿ ಅಳಿಸಿ ಹಾಕುತ್ತಿದ್ದಾಳೆ ಅನ್ನಿಸಿತ್ತು. ಆದರೂ ಗ್ರೇಬಿಲ್‌ನ ಮಾನ ಉಳಿಸಿದ ಆ ಮಾತು ಅವನಿಗೆ ತಟ್ಟದೇ ಇರಲಿಲ್ಲ.

ಆಮೇಲೆ ಆರೋಪಿ ಪರ ತಜ್ಞ ಡಾಕ್ಟರ್ ನೆಸ್ಟರ್ ಕ್ವಿಂಟಾನಾರ್. ರಸಾಯನಶಾಸ್ತ್ರದ ಪ್ರೊಫೆಸರು. ಆ ನಾಲ್ಕು ಡಬ್ಬಿಗಳ ಮಸಿಯನ್ನು ತನ್ನ ಯಂತ್ರದಲ್ಲಿ ಇನ್ನೊಮ್ಮೆ ಪರೀಕ್ಷಿಸಿದ್ದ, ಅವನಿಗೂ ಸೀಮೆಎಣ್ಣೆ ಸಿಕ್ಕಿರಲಿಲ್ಲ. ಪೈನ್ ಮರದ ಹಲಗೆಗಳನ್ನು ಸೀಮೆಎಣ್ಣೆ ಇಲ್ಲದೆಯೇ ಸುಟ್ಟು ನಾಯಿಗಳಿಗೆ ಮೂಸಲು ಕೊಟ್ಟಿದ್ದ. ನಾಯಿ ಹಿಡಿದವನಿಗೂ ಯಾವ ಹಲಗೆ ಎಂಥದ್ದೆಂದು ಹೇಳಿರಲಿಲ್ಲ. ಹತ್ತರಲ್ಲಿ ಮೂರು ಸಲ ನಾಯಿಗಳು ಬರೀ ಮರದ ಮುಂದೆ ಕೂತಿದ್ದವಂತೆ. ಪೈನಿನ ಅಂಟು ಸುಟ್ಟರೆ ನಾಯಿಯ ಮೂಗಿಗೆ ಎಣ್ಣೆಯ ನೆಂಟನ ಹಾಗೆ ಕಾಣುತ್ತದೆ ಎಂದ.

"ನಿಮ್ಮ ಯಂತ್ರ ಎಷ್ಟು ಸಲ ತಪ್ಪುತ್ತೆ ಡಾಕ್ಟ್ರೇ?" ಅದೇ ಪ್ರಶ್ನೆ, ಅದೇ ದನಿ.

"ಹತ್ತರಲ್ಲಿ ಒಂದು ಸಲ ಎಣ್ಣೆ ಇದ್ರೂ ಇಲ್ಲ ಅನ್ನುತ್ತೆ. ನೀರು ಜಾಸ್ತಿ ಹುಯ್ದಿದ್ರೆ ಇನ್ನೂ ಹೆಚ್ಚು."

ಅವನ ಕಡೆಯ ವಕೀಲೆಯೇ ಮುಖ ಕಿವಿಚಿದಳು. ನ್ಯಾಯಾಧೀಶೆ ಮಾತ್ರ ತಲೆಯಾಡಿಸಿ ಬರೆದುಕೊಂಡರು. ವಕೀಲೆ ಮರ್ಯಾದೆ ಉಳಿಸಿಕೊಳ್ಳಲು ಎದ್ದಳು. "ಹಾಗಾದ್ರೆ ಡಾಕ್ಟರ್, ಈ ಬೆಂಕಿ ಯಾರೂ ಇಟ್ಟಿದ್ದಲ್ಲ, ಆಕಸ್ಮಿಕ ಅಂತೀರಾ?"

"ಹೌದು, ನನ್ನ ಅಭಿಪ್ರಾಯದಲ್ಲಿ..."

ಪೆನ್ಸಿಲು ಮೇಲೆದ್ದಿತು. "ಅದನ್ನ ಯಾವ ಪರೀಕ್ಷೆಯಿಂದ ತಿಳ್ಕೊಂಡ್ರಿ?"

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದ. "ಯಾವುದರಿಂದಲೂ ಇಲ್ಲ, ಯುವರ್ ಆನರ್."

"ಹಾಗಾದ್ರೆ ನಿಮ್ಮ ಡಬ್ಬೀಲಿ ಏನಿದೆಯೋ ಅಷ್ಟು ಹೇಳಿ ಸಾಕು. ಡಬ್ಬಿಯಿಂದಾಚೆ ನೀವೂ ನನ್ನ ಹಾಗೇ."

ತಕ್ಕಡಿಯ ಎರಡು ತಟ್ಟೆಗೂ ಒಂದೇ ಕಲ್ಲು ಇಡುತ್ತಿದ್ದರು ಆಕೆ. ರಾಂಟಲಾನ ಉರಿ ಸ್ವಲ್ಪ ತಣ್ಣಗಾಯಿತು. ಹತ್ತರಲ್ಲಿ ಒಂದು ಸಲ ತಪ್ಪುತ್ತೇನೆ ಎಂದವನನ್ನು ನಂಬಬಹುದು, ಎಂದೂ ತಪ್ಪುವುದಿಲ್ಲ ಎಂದವನನ್ನು ನಂಬುವುದು ಕಷ್ಟ. ಇದನ್ನು ಅವನು ಇಪ್ಪತ್ತು ವರ್ಷದಿಂದ ಕಳ್ಳರ ವಿಷಯದಲ್ಲಿ ಬಲ್ಲ. ತಜ್ಞರ ವಿಷಯದಲ್ಲಿ ಯೋಚಿಸಿರಲಿಲ್ಲ.

ಸರ್ಕಾರಿ ವಕೀಲರು ಕೊನೆಯ ಬಾಣ ಬಿಟ್ಟರು. "ಯುವರ್ ಆನರ್, ಈ ಇಬ್ಬರು ತಜ್ಞರೂ ಹೊರಗಿನವರು. ನೀವು ಈ ಊರಿನವರು. ಹುಟ್ಟಿದಾಗಿನಿಂದ ಸೌನಾದಲ್ಲಿ ಕೂತೋರು. ಅಲ್ಲಿ ನಾಯಿ ಮೋಸಹೋಗೋ ಅಂಥದ್ದು ಏನಿರುತ್ತೆ ಅಂತ ನಿಮಗೇ ಗೊತ್ತಲ್ಲ?"

ನ್ಯಾಯಾಧೀಶೆ ಪೆನ್ಸಿಲು ಬದಿಗಿಟ್ಟರು.

"ನನಗೆ ಗೊತ್ತಿರೋದೆಲ್ಲ ಸಾಕ್ಷಿ ಆಗಲ್ಲ. ನಾನು ಕಟಕಟೆಗೆ ಬಂದು ಪ್ರಮಾಣ ಮಾಡಿಲ್ಲ. ನನ್ನನ್ನ ಪಾಟೀಸವಾಲು ಮಾಡೋಕೆ ಯಾರಿಗೂ ಆಗಲ್ಲ. ಅದಕ್ಕೇ ನನ್ನ ಸೌನಾನ ಮನೇಲೇ ಬಿಟ್ಟು ಬಂದಿದೀನಿ. ಗೊತ್ತಿರೋರು ಯಾರಾದ್ರೂ ಇದ್ರೆ ಇಲ್ಲಿ ಬಂದು ಹೇಳಲಿ. ಊಟಕ್ಕೆ ಏಳೋಣ."

*

ಕೋರ್ಟಿನ ಎದುರಿನ ಹೋಟೆಲಲ್ಲಿ ಟೆಸ್ ಮಾಂಸ, ಗೆಡ್ಡೆ ತುಂಬಿದ ಕಡುಬು ತಿನ್ನುತ್ತಿದ್ದಳು. ರಾಂಟಲಾನ ತಟ್ಟೆ ಹಾಗೇ ಇತ್ತು.

"ಏನ್ ಸಾರ್, ಜಡ್ಜಮ್ಮನ ಮೇಲಿನ ಸಿಟ್ಟು ಪಾಪ ಕಡುಬಿನ ಮೇಲಾ?"

"ಪೈನು" ಎಂದ ರಾಂಟಲಾ.

"ಏನದು?"

"ಪೈನ್ ಅಂಟು ಅಂದ್ನಲ್ಲ ಆ ಪ್ರೊಫೆಸರು. ಟೆಸ್, ಆವತ್ತು ಅಲ್ಲಿ ಏನ್ ವಾಸನೆ ಇತ್ತು ಹೇಳು."

"ನಾನು ಡೆಟ್ರಾಯಿಟ್ ಕಡೆಯೋಳು. ನನಗೆ ನಿಮ್ಮ ಎಲ್ಲಾ ಸೌನಾನೂ ರಿಪೇರಿ ಮಾಡಿದ ದೋಣಿ ಥರಾನೇ ವಾಸನೆ."

ರಾಂಟಲಾ ಕಣ್ಣು ಮುಚ್ಚಿಕೊಂಡ. ಟಾರು! ಪೈನ್ ಮರದ ಬೇರು ಬೇಯಿಸಿ ತೆಗೆದ ಕಪ್ಪು ಟಾರು. ದೋಣಿಗೆ ಬಳಿಯುವುದು ಅದನ್ನೇ. ಸೌನಾದ ನೀರಿಗೆ ಎರಡು ಹನಿ ಹಾಕಿ ಕಲ್ಲಿಗೆ ಎರಚುವುದೂ ಅದನ್ನೇ. ನೆಲ ತೊಳೆಯುವ ಸಾಬೂನಿನಲ್ಲೂ ಅದೇ. ಆ ಬೆಳಿಗ್ಗೆ ಮಸಿಯ ನಡುವೆ ನಿಂತಾಗ ಅದು ಗಂಟಲಿಗೆ ಅಡರಿತ್ತು. ಮಹಜರಿನಲ್ಲಿ ಅವನು ಅದನ್ನು ಬರೆದಿರಲಿಲ್ಲ.

ಕಾರಿಡಾರಿನಲ್ಲಿ ಸರ್ಕಾರಿ ವಕೀಲರಿಗೆ ಹೇಳಿದ. ಅವರು ಗೋಡೆಗೆ ಒರಗಿದರು. "ಎರಡು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ದು ಈಗ ಹೇಳ್ತೀಯಲ್ಲಪ್ಪಾ!"

"ಈಗಲೇ ಹೊಳೆದಿದ್ದು. ಹೇಳದೇ ಇರೋಕಾಗಲ್ಲ."

"ಆಗಲ್ಲ ಅಂತ ನನಗೂ ಗೊತ್ತು. ಆಚೆ ಕಡೆಯೋರಿಗೂ ತಿಳಿಸ್ತೀನಿ. ಹೋಗು, ಕಟಕಟೆ ಹತ್ತು."

ಮಧ್ಯಾಹ್ನ ಎರಡಕ್ಕೆ ರಾಂಟಲಾ ತನ್ನ ಕಡೆಯ ಕೇಸನ್ನು ತಾನೇ ಮುರಿಯಲು ಕಟಕಟೆ ಹತ್ತಿದ. ಟಾರಿನ ಕತೆ ಹೇಳಿದ. ನ್ಯಾಯಾಧೀಶೆ ಕೇಳಿದರು, "ಇದನ್ನ ಮಹಜರಲ್ಲಿ ಯಾಕೆ ಬರೀಲಿಲ್ಲ ಸಾರ್ಜೆಂಟ್?"

"ಸೌನಾ ಅಂದ್ಮೇಲೆ ಟಾರಿನ ವಾಸನೆ ಇದ್ದೇ ಇರುತ್ತೆ ಯುವರ್ ಆನರ್. ಫೆಬ್ರವರೀಲಿ ಹಿಮ ಇತ್ತು ಅಂತ ಯಾರು ಬರೀತಾರೆ?"

ಈ ಸಲ ಊರವರೆಲ್ಲ ನಕ್ಕರು, ಹೊರಗೆ ಕಳಿಸುತ್ತಾರೆಂಬ ಭಯವನ್ನೂ ಮರೆತು. ನ್ಯಾಯಾಧೀಶೆ ಯಾರನ್ನೂ ಗದರಿಸಲಿಲ್ಲ. ತಲೆ ಬಗ್ಗಿಸಿ ಬರೆದುಕೊಂಡರು. ಅವರ ಮುಖದಲ್ಲಿ ಆಶ್ಚರ್ಯ ಎಳ್ಳಷ್ಟೂ ಇರಲಿಲ್ಲ. ಅದನ್ನು ಕಂಡು ರಾಂಟಲಾಗೆ ಅರ್ಥವಾಯಿತು. ಆಕೆಗೆ ಮೊದಲೇ ಗೊತ್ತಿತ್ತು! ಬೆಳಗಿನಿಂದಲೂ ನಾಲಗೆಯ ತುದಿಯಲ್ಲಿ ಉತ್ತರ ಇಟ್ಟುಕೊಂಡು, ಅದನ್ನು ಹೇಳಬೇಕಾದವರು ಪ್ರಮಾಣ ಮಾಡಿ ಹೇಳಲಿ ಎಂದು ಕಾಯುತ್ತ ಕೂತಿದ್ದರು. ಯಾರೂ ಹೇಳದೇ ಹೋಗಿದ್ದರೂ ಬಾಯಿ ಬಿಡುತ್ತಿರಲಿಲ್ಲ. ತಿಳಿದದ್ದನ್ನು ಹೇಳಿ ದೊಡ್ಡವರೆನ್ನಿಸಿಕೊಂಡವರು ಬೇಕಾದಷ್ಟು ಜನ. ತಿಳಿದೂ ತಡೆದುಕೊಂಡು ಕೂರುವವರನ್ನು ಅವನು ಕಂಡದ್ದು ಅದೇ ಮೊದಲು. ಆ ಗಿಡ್ಡ ಹೆಂಗಸಿಗೆ ಎದ್ದು ಟೋಪಿ ತೆಗೆಯಬೇಕು ಅನ್ನಿಸಿತು.

ಆದೇಶವನ್ನು ಆಕೆ ಅಂದೇ ಓದಿದರು. ನಾಯಿ ಎಲ್ಲಿಂದ ಮಸಿ ತೆಗೆಯಬೇಕೆಂದು ತೋರಿಸಬಹುದು, ಮಸಿಯಲ್ಲಿ ಏನಿದೆಯೆಂದು ಜ್ಯೂರಿಗೆ ಹೇಳುವಂತಿಲ್ಲ. ಪ್ರೊಫೆಸರು ತನ್ನ ಪರೀಕ್ಷೆಯ ಬಗ್ಗೆ, ಅದರ ತಪ್ಪಿನ ಲೆಕ್ಕವನ್ನೂ ಸೇರಿಸಿ, ಹೇಳಬಹುದು. ಅದರಾಚೆ ಇಲ್ಲ. ಕೊನೆಗೆ ಗ್ರೇಬಿಲ್‌ನತ್ತ ತಿರುಗಿದರು.

"ನಿಮ್ಮ ನಾಯಿ ಸುಳ್ಳು ಹೇಳ್ತು ಅಂತ ನಾನು ಹೇಳ್ತಾ ಇಲ್ಲ. ಅದು ಹೇಳಿದ್ದು ನಿಜವೋ ಅಲ್ಲವೋ ಅಂತ ತಿಳಿಯೋ ದಾರಿ ನೀವು ನನಗೆ ಕೊಟ್ಟಿಲ್ಲ. ಬೇರೆಯವರ ಕೈಯಲ್ಲಿ ಬಚ್ಚಿಡಿಸಿ ಪರೀಕ್ಷೆ ಮಾಡಿಸಿ. ಆಮೇಲೆ ಮತ್ತೆ ಬನ್ನಿ, ಖಂಡಿತ ಕೇಳ್ತೀನಿ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಅನ್ನುವುದು ಸುಲಭ. ಕಂಡವನನ್ನು ಅವಮಾನಿಸದೆ ಪ್ರಮಾಣಿಸುವುದು ಒಂದು ಕಲೆ. ಆ ಕಲೆ ಆಕೆಗೆ ಒಲಿದಿತ್ತು.

ಎರಡು ದಿನ ಬಿಟ್ಟು ಸರ್ಕಾರಿ ವಕೀಲರು ಕೇಸು ಹಿಂದೆಗೆದುಕೊಂಡರು. ವೆಂಡೆಲ್ ಹೊರಬಂದ. ಆದರೆ ಊರು ಹಿಂದೆಗೆದುಕೊಳ್ಳಲಿಲ್ಲ. ಲಾರಿ ಕಂಪನಿ ಅವನನ್ನು ಮತ್ತೆ ಕರೆಯಲಿಲ್ಲ. ಅಂಗಡಿಗೆ ಬಂದರೆ ಮಾತು ನಿಲ್ಲುತ್ತಿತ್ತು. ವಕೀಲರ ಚಾಲಾಕಿನಿಂದ ಬಚಾವಾದ, ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಜನ ಅಂದುಕೊಂಡರು. ಬೆಂಕಿ ಇಟ್ಟವರು ಯಾರೆಂದು ತಿಳಿಯುವ ತನಕ ಆ ಮನುಷ್ಯನಿಗೆ ಬಿಡುಗಡೆ ಇಲ್ಲವೆಂದು ರಾಂಟಲಾಗೆ ಸ್ಪಷ್ಟವಾಗಿತ್ತು. ಅವನನ್ನು ಒಳಗೆ ಹಾಕಿದವನೇ ಪೂರ್ತಿ ಹೊರಗೆ ತರಬೇಕು.

*

ಏಪ್ರಿಲ್ ಇಪ್ಪತ್ತಾರಕ್ಕೆ ಹಿಮ ಕರಗಿ ನೆಲ ಕಾಣಿಸಿತು. ರಾಂಟಲಾ ಮತ್ತು ಟೆಸ್ ಸೀಲು ಒಡೆದು ಟಾರ್ಪಾಲು ಸರಿಸಿದರು. ಜರಡಿ ಹಿಡಿದು ಬೂದಿಯನ್ನು ಬೊಗಸೆ ಬೊಗಸೆಯಾಗಿ ಜಾಲಿಸತೊಡಗಿದರು.

"ಏನು ಹುಡುಕ್ತಾ ಇದೀವಿ ಸಾರ್?"

"ನಾವು ತಪ್ಪಿದ್ದೀವಿ ಅಂತ ತೋರಿಸೋದನ್ನ."

"ಅದು ಆಗಲೇ ಕೋರ್ಟಲ್ಲಿ ಸಿಕ್ತಲ್ಲ."

"ಬಾಯಿ ಮುಚ್ಕೊಂಡು ಜಾಲಿಸು."

ಮಧ್ಯಾಹ್ನದ ಹೊತ್ತಿಗೆ ಕುಸಿದ ಚಾವಣಿಯ ತಗಡಿನ ಅಡಿಯಲ್ಲಿ ಒಲೆಯ ಬಾಗಿಲು ಸಿಕ್ಕಿತು. ಎರಕದ ಕಬ್ಬಿಣ. ಒಲೆಯಿಂದ ಮೂರು ಹೆಜ್ಜೆ ದೂರ, ಗೋಡೆಯ ಬುಡದಲ್ಲಿ. ಕೀಲುಗಳು ಮುರಿದಿರಲಿಲ್ಲ, ಬಾಗಿರಲೂ ಇಲ್ಲ. ಚಾವಣಿ ಬೀಳುವ ಮೊದಲೇ ಯಾರೋ ಅದನ್ನು ಮೇಲಕ್ಕೆತ್ತಿ ಕಳಚಿ, ಜೋಪಾನವಾಗಿ ಗೋಡೆಗೆ ಒರಗಿಸಿದ್ದರು. ಬಾಗಿಲಿಲ್ಲದ ಒಲೆಗೆ ಒಣಗಿದ ಬರ್ಚ್ ಕಟ್ಟಿಗೆ ತುಂಬಿ, ಒಂದೆರಡು ಕೊಳ್ಳಿ ಹೊರಗೆಳೆದು ಬಿಟ್ಟರೆ ಸಾಕು. ಸೀಮೆಎಣ್ಣೆ ಯಾಕೆ ಬೇಕು? ಇದು ಸೌನಾದ ಒಲೆಯನ್ನು ಅಂಗೈಯಂತೆ ಬಲ್ಲವರ ಕೆಲಸ.

ಬಕೆಟ್ಟಿನ ಪಟ್ಟಿಗಳು ಸಿಕ್ಕವು. ಥರ್ಮಾಮೀಟರಿನ ಚೌಕಟ್ಟು, ಮೊಳೆಗಳು, ಸಿಡಿದ ಕಲ್ಲುಗಳು ಸಿಕ್ಕವು. ರಾಂಟಲಾ ಇದ್ದಕ್ಕಿದ್ದಂತೆ ಒಂದು ಕಲ್ಲಿನ ಮೇಲೆ ಕೂತ.

"ಟೆಸ್, ಹಬೆ ಹೇಗೆ ಬರುತ್ತೆ?"

"ಕಲ್ಲಿಗೆ ನೀರು ಹಾಕಿದ್ರೆ."

"ಯಾತರಲ್ಲಿ ಹಾಕ್ತಾರೆ?"

ಟೆಸ್ ಜರಡಿ ನೋಡಿದಳು, ಗುಡ್ಡೆ ಹಾಕಿದ ಸಾಮಾನು ನೋಡಿದಳು. "ಸೌಟು ಇಲ್ಲ ಸಾರ್. ಆದ್ರೆ ಮರದ್ದಾಗಿದ್ರೆ ಸುಟ್ಟುಹೋಗಿರುತ್ತೆ."

"ಹ್ಞಾ, ಮರದ್ದಾಗಿದ್ರೆ ನಾನು ಮತ್ತೆ ತಪ್ಪು. ಬಾ, ಕೇಳೋಣ."

ಅಡುಗೆಮನೆಯಲ್ಲಿ ಲೆಂಪಿ ತಮ್ಮನಿಗೆ ಬಟಾಣಿ ಸೂಪು ಕುಡಿಸುತ್ತಿದ್ದಳು. ಆರ್ವೋನ ಕೈಗಳ ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ. ಎರಡು ತಿಂಗಳಿಂದ ಊಟ, ಸ್ನಾನ, ಗುಂಡಿ ಹಾಕುವುದು ಎಲ್ಲ ಅಕ್ಕನ ಕೈಯಲ್ಲೇ.

"ಆರ್ವೋ, ನಿನ್ನ ಸೌನಾದ ಸೌಟು ಎಂಥದ್ದು?"

"ತಾಮ್ರದ್ದು. ನಮ್ಮಮ್ಮ ಫಿನ್ಲೆಂಡಿಂದ ತಂದಿದ್ದು. ಯಾಕೋ?"

"ಶನಿವಾರ ಇತ್ತಾ?"

"ಇಲ್ದೆ? ಆ ಶಿಕಾಗೋದೋರಿಗೆ ನಾನೇ ಅದರಲ್ಲಿ ನೀರು ಹುಯ್ದೆ. ಮೊಳೆಗೆ ತೂಗು ಹಾಕಿ ಬಂದೆ."

"ಬೂದೀಲಿ ಇಲ್ಲ. ವೆಂಡೆಲ್ ಮನೇಲಿ ಆವತ್ತೇ ಹುಡುಕಿದ್ವಿ, ಅಲ್ಲೂ ಇರಲಿಲ್ಲ. ಬೆಂಕಿ ಇಡೋಕೆ ಮುಂಚೆ ಯಾರೋ ತಗೊಂಡಿದಾರೆ."

"ಅಯ್ಯೋ, ಹಳೇ ಸೌಟು ಯಾರಿಗೆ ಬೇಕು ಮಾರಾಯ?"

ಚಮಚ ತಟ್ಟೆಯ ಮೇಲೆ ನಿಂತಿತು. ಲೆಂಪಿ ಅದನ್ನು ಕೆಳಗಿಟ್ಟು, ತಮ್ಮನ ಗಡ್ಡ ಒರೆಸಿದಳು.

"ನನಗೆ ಬೇಕಾಗಿತ್ತು" ಎಂದಳು.

ಆರ್ವೋ ನಗಲು ಹೋದ. ಅಕ್ಕನ ಮುಖ ನೋಡಿ ನಗು ನಿಂತಿತು.

"ಲೆಂಪಿಯಮ್ಮ, ತಡೀರಿ" ಎಂದ ರಾಂಟಲಾ. ಅವಳಿಗೆ ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಕರೆಸಿಕೊಳ್ಳುವ ಹಕ್ಕಿದೆ, ಹೇಳಿದ್ದು ಅವಳ ವಿರುದ್ಧವೇ ಬಳಕೆಯಾಗಬಹುದು ಎಂದು ಒಂದೊಂದಾಗಿ ಹೇಳಿದ. ಅರ್ಥವಾಯಿತು ಎಂದು ಅವಳು ತಲೆಯಾಡಿಸಿದಳು. ಆಮೇಲೂ ಅವನು ಒಪ್ಪಿಕೊಂಡಳೆಂದು ಖುಷಿಪಡಲಿಲ್ಲ. ತಮ್ಮನನ್ನೋ ಬೇರೆ ಯಾರನ್ನೋ ಉಳಿಸಲು ಹೇಳುತ್ತಿದ್ದರೆ? ಒಮ್ಮೆ ಎಡವಿದ್ದು ಸಾಕಾಗಿತ್ತು.

"ನೀವೇ ಮಾಡಿದ್ರೆ, ಒಲೆ ಬಾಗಿಲು ಏನಾಯ್ತು?"

ಆ ಸಂಗತಿ ಅವನನ್ನೂ ಟೆಸ್‌ಳನ್ನೂ ಬಿಟ್ಟರೆ ಬೆಂಕಿ ಇಟ್ಟವರಿಗೆ ಮಾತ್ರ ಗೊತ್ತಿರಲು ಸಾಧ್ಯವಿತ್ತು.

"ಎತ್ತಿ ಕಳಚಿದೆ. ಭಾರ ಇತ್ತು. ಕಿಟಕಿ ಪಕ್ಕದ ಗೋಡೆಗೆ ಒರಗಿಸಿದೆ. ಕಟ್ಟಿಗೆ ತುಂಬಿ ಕೊಳ್ಳಿ ಈಚೆಗೆ ಎಳೆದೆ." ಎದ್ದು ಒಳಗೆ ಹೋಗಿ, ಟವೆಲಿನಲ್ಲಿ ಸುತ್ತಿದ ತಾಮ್ರದ ಸೌಟನ್ನು ತಂದು ಮೇಜಿನ ಮೇಲಿಟ್ಟಳು. ಟೆಸ್ ಕೈಗವಸು ಹಾಕಿಕೊಂಡು ಅದನ್ನು ಚೀಲಕ್ಕೆ ಸೇರಿಸಿದಳು.

"ಯಾಕೆ ಲೆಂಪಿಯಮ್ಮ?"

"ಅಮ್ಮ ಸತ್ತಾಗ ಅವಳನ್ನ ಆ ಕೆಳಗಿನ ಬೆಂಚಿನ ಮೇಲೆ ಮಲಗಿಸಿ ತೊಳೆದಿದ್ದು ನಾನು. ಇದೇ ಸೌಟಲ್ಲಿ ನೀರು ಹುಯ್ದು. ಇವನು ಹುಟ್ಟಿದ್ದೂ ಅದೇ ಬೆಂಚಿನ ಮೇಲೆ. ಪ್ರತಿ ಶನಿವಾರ ಆ ಕುಡುಕರಿಗೆ ಒಲೆ ಹಚ್ಚೋಳು ನಾನೇ, ಮಾರನೇ ದಿನ ಗುಡಿಸೋಳೂ ನಾನೇ. ಕಲ್ಲಿಗೆ ಬಿಯರ್ ಹುಯ್ತಿದ್ರು, ತಡ್ಕೊಂಡೆ. ಆ ಭಾನುವಾರ ಹೋಗಿ ನೋಡಿದ್ರೆ ಬೆಂಚಿನ ಮೇಲೆ ಚಾಕೂಲಿ ಹೊಲಸು ಚಿತ್ರ ಕೆತ್ತಿದ್ರು. ಅಮ್ಮನ ತಲೆ ಇಟ್ಟಿದ್ದ ಜಾಗದಲ್ಲೇ."

"ಅಕ್ಕಾ" ಎಂದ ಆರ್ವೋ. ಅವನ ದನಿ ಒಡೆದಿತ್ತು. "ಒಂದು ಮಾತು ಹೇಳಬಾರದಿತ್ತೇನೇ?"

"ಹೇಳಿದ್ದೆ. ನೀನು ನಕ್ಕೆ." ಅವನ ಬ್ಯಾಂಡೇಜಿನ ಕೈಗಳನ್ನು ನೋಡಿದಳು. "ನೀನು ಓಡಿ ಬರ್ತೀಯ ಅಂತ ನನಗೇನು ಗೊತ್ತಿತ್ತು? ಯಾವತ್ತೂ ಅಷ್ಟು ಬೇಗ ಎದ್ದೋನಲ್ಲ."

ಠಾಣೆಯ ದಾರಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಅವಳು ತಾನಾಗಿಯೇ ಹೇಳಿದಳು. "ವೆಂಡೆಲ್‌ಗೆ ಶಿಕ್ಷೆ ಆದ್ರೆ ಎದ್ದು ನಿಂತು ಹೇಳಿಬಿಡೋಣ ಅಂತ ಕೋರ್ಟಿಗೆ ಬರ್ತಿದ್ದೆ. ಹೇಳ್ತಿದ್ನೋ ಇಲ್ವೋ, ಆಣೆ ಮಾಡಿ ಹೇಳೋಕೆ ಆಗಲ್ಲಪ್ಪ. ಆ ಟ್ರೆವಾರೋ ಅಮ್ಮ ನನ್ನನ್ನ ಆ ಪರೀಕ್ಷೆಯಿಂದ ಉಳಿಸಿದ್ಲು. ನನ್ನ ಕೇಸೂ ಅವಳೇ ಕೇಳ್ತಾಳಾ?"

"ಗೊತ್ತಿಲ್ಲ. ಕೇಳಬಹುದು."

"ಅವಳೇ ಆಗಲಿ. ನಾನು ಮಾಡಿದ್ದಷ್ಟನ್ನೇ ನನ್ನ ತಲೆಗೆ ಕಟ್ತಾಳೆ."

ಕಾಗದಪತ್ರ ಮುಗಿಸಿ, ಸಂಜೆ ಐದರ ಸುಮಾರಿಗೆ ರಾಂಟಲಾ ವೆಂಡೆಲ್‌ನ ಮನೆಗೆ ಹೋದ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ವೆಂಡೆಲ್ ಮುರಿದ ಬೇಲಿಗೆ ಹೊಸ ಗೂಟ ಹೊಡೆಯುತ್ತಿದ್ದ. ಸುತ್ತಿಗೆ ಕೆಳಗಿಡದೆ ಕೇಳಿಸಿಕೊಂಡ. ರಾಂಟಲಾ ತಪ್ಪಾಯಿತು ಎಂದ. ಊರಿಗೆಲ್ಲ ನಾಳೆಯೇ ತಿಳಿಯುತ್ತದೆ, ಲಾರಿ ಕಂಪನಿಗೆ ತಾನೇ ಹೋಗಿ ಹೇಳುತ್ತೇನೆ ಎಂದ.

ವೆಂಡೆಲ್ ಎರಡು ತಿಂಗಳು ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಬಿಡಿಸಿ ಬಿಡಿಸಿ ಬೈದ. ಪೊಲೀಸರನ್ನು ಬೈದ, ನಾಯಿಯನ್ನು ಬೈದ, ಆರ್ವೋನ ಏಳು ತಲೆಮಾರನ್ನು ಬೈದ. ಲೆಂಪಿಯನ್ನು ಮಾತ್ರ ಬೈಯಲಿಲ್ಲ. ಬೈದು ದಣಿದ ಮೇಲೆ ಬೇಲಿಯಾಚೆ, ದೀಪ ಹಚ್ಚದ ಹಾರ್ಯು ಮನೆಯತ್ತ ನೋಡಿದ.

"ಅವನ ಕೈ ವಾಸಿ ಆಗಿದೆಯಾ?"

"ಇನ್ನೂ ಇಲ್ಲ."

"ಮತ್ತೆ ಆ ದರಿದ್ರದೋನಿಗೆ ಇವತ್ತು ರಾತ್ರಿ ಊಟ ಯಾರು ಮಾಡಿಸ್ತಾರೆ?"

ವೆಂಡೆಲ್ ಸುತ್ತಿಗೆಯನ್ನು ಹುಲ್ಲಿನ ಮೇಲೆ ಎಸೆದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಗೊಣಗುತ್ತ ಬೇಲಿ ದಾಟಿ ಆ ಮನೆಯ ಕಡೆ ನಡೆದ.